ಆರು ತಿಂಗಳಿಗೊಮ್ಮೆ ಮಾತ್ರೆ ಕೊಟ್ಟರೂ ಜಂತುಹುಳು ಯಾಕೆ ಮತ್ತೆ ಬರುತ್ತದೆ?

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ, ಮಾಲೂರು):
ನಮಸ್ಕಾರ ಡಾಕ್ಟ್ರೇ. ಫೆಬ್ರವರಿ, ಆಗಸ್ಟ್ ಬಂದರೆ ಮಕ್ಕಳಿಗೆ ಜಂತುಹುಳು ಮಾತ್ರೆ ಕೊಡುತ್ತೇವೆ. ತಾಯಂದಿರು ಪ್ರತಿ ಸಲ ಕೇಳುತ್ತಾರೆ, "ಎಷ್ಟು ವರ್ಷ ಮೇಡಂ ಹೀಗೆ?" ಇದನ್ನು ಪೂರ್ತಿ ಹೋಗಲಾಡಿಸೋಕೆ ಸಂಶೋಧನೆ ಏನಾದರೂ ನಡೆಯುತ್ತಿದೆಯಾ?

ಉತ್ತರ (ಮೈಕ್ರೋಬಯಾಲಜಿ ವೈದ್ಯೆ, ಕೋಲಾರ):
ನಮಸ್ಕಾರ ಮೇಡಂ. ಆ ತಾಯಂದಿರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ. ನೀವು ಕೊಡುವ ಆಲ್ಬೆಂಡಜೋಲ್ ಮಾತ್ರೆ ಹೊಟ್ಟೆಯೊಳಗಿನ ಹುಳುವನ್ನು ಕೊಲ್ಲುತ್ತದೆ, ಮಣ್ಣಿನಲ್ಲಿರುವ ಮೊಟ್ಟೆಯನ್ನಲ್ಲ. ಜಂತುಹುಳುಗಳಲ್ಲಿ ಒಂದಾದ ದುಂಡುಹುಳುವಿನ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಬದುಕಬಲ್ಲದು.

ಇನ್ನೊಂದು ಮಾತು. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಮಾತ್ರೆ 1ರಿಂದ 19 ವರ್ಷದವರಿಗೆ ಮಾತ್ರ. ಆದರೆ ಕೊಕ್ಕೆಹುಳು ಎಂಬ ಇನ್ನೊಂದು ಜಾತಿ ದೊಡ್ಡವರಲ್ಲೇ ಜಾಸ್ತಿ. ಬರಿಗಾಲಲ್ಲಿ ಟೊಮೆಟೊ ತೋಟಕ್ಕೆ, ಹಿಪ್ಪುನೇರಳೆ ತೋಟಕ್ಕೆ ಇಳಿಯುವವರ ಕಾಲಿನ ಚರ್ಮ ಕೊರೆದು ಅದರ ಮರಿ ಒಳಗೆ ಸೇರುತ್ತದೆ. ಕರುಳು ಕಚ್ಚಿಕೊಂಡು ರಕ್ತ ಹೀರುತ್ತದೆ. ಅವರಿಗೆ ಮಾತ್ರೆ ಇಲ್ಲ. ಬಯಲಿಗೆ ಹೋದರೆ ಮಣ್ಣಿಗೆ ಮತ್ತೆ ಮೊಟ್ಟೆ.

ಹಾಗಾದರೆ ಇಡೀ ಊರಿಗೇ ಮಾತ್ರೆ ಕೊಟ್ಟರೆ ಹರಡೋದು ನಿಲ್ಲುತ್ತದಾ? ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಇದಕ್ಕೆಂದೇ ಡೀವರ್ಮ್3 ಎಂಬ ಅಧ್ಯಯನವನ್ನು ಭಾರತ, ಬೆನಿನ್, ಮಲಾವಿಯಲ್ಲಿ ಮಾಡಿದರು. ಭಾರತದ ಭಾಗವನ್ನು ನಡೆಸಿದ್ದು ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ವೈದ್ಯಕೀಯ ಕಾಲೇಜು. ಮಕ್ಕಳು, ದೊಡ್ಡವರು ಎಲ್ಲರಿಗೂ ವರ್ಷಕ್ಕೆ ಎರಡು ಸಲ, ಮೂರು ವರ್ಷ. ಹಾಗಂತ ನೀವೇ ಅಂಗಡಿಯಿಂದ ತಂದು ಮನೆಯವರಿಗೆಲ್ಲ ಹಂಚಬೇಡಿ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಕೊಡಲೇಬಾರದು.

ಪ್ರಶ್ನೆ (ಕುರಿ ಸಾಕಣೆದಾರ, ಮುಳಬಾಗಿಲು):
ನಮ್ಮ ಕುರಿಗಳಿಗೆ ಇದೇ ಔಷಧಿ ಈಗೀಗ ಹಿಡಿಯುತ್ತಿಲ್ಲ ಮೇಡಂ. ಮನುಷ್ಯರಿಗೂ ಹಾಗೇ ಆಗುತ್ತಾ?

ಉತ್ತರ:
ನಿಮ್ಮ ಭಯ ಸುಮ್ನೆ ಅಲ್ಲ ಅಣ್ಣ. ಒಂದೇ ಜಾತಿಯ ಔಷಧಿ ಮತ್ತೆ ಮತ್ತೆ ಕುಡಿಸಿದ ಕುರಿ, ಮೇಕೆಗಳಲ್ಲಿ ಹುಳುಗಳು ಅದಕ್ಕೆ ಬಗ್ಗದಂತಾಗಿವೆ. ಮನುಷ್ಯರಲ್ಲಿ ಹಾಗಾಗುವ ಮೊದಲೇ ಕಂಡುಹಿಡಿಯಬೇಕು. ಅದಕ್ಕೆ ಮಾತ್ರೆ ಕೊಟ್ಟ ಮೇಲೆ ಒಂದಿಷ್ಟು ಮಕ್ಕಳ ಮಲ ಪರೀಕ್ಷೆ ಮಾಡಿ, ಮೊಟ್ಟೆ ಎಷ್ಟು ಇಳಿಯಿತು ಅಂತ ನೋಡಬೇಕು. ಎಷ್ಟು ಮಾತ್ರೆ ಹಂಚಿದೆವು ಎಂಬ ಲೆಕ್ಕ ಮಾತ್ರ ಸಾಲದು. ಚಾಟಿಹುಳು ಎಂಬ ಮತ್ತೊಂದು ಜಾತಿಗಂತೂ ಆಲ್ಬೆಂಡಜೋಲ್‌ನ ಒಂದು ಮಾತ್ರೆ ಮೊದಲಿಂದಲೂ ಸರಿಯಾಗಿ ನಾಟುವುದಿಲ್ಲ. ಐವರ್ಮೆಕ್ಟಿನ್ ಎಂಬ ಇನ್ನೊಂದು ಹುಳು ಔಷಧಿಯ ಜೊತೆ ಸೇರಿಸಿ ಕೊಟ್ಟರೆ ಫಲ ಹೆಚ್ಚು ಅಂತ ಪರೀಕ್ಷೆಗಳಲ್ಲಿ ಕಂಡಿದೆ.

ಆದರೆ ಮಲ ಪರೀಕ್ಷೆಯಲ್ಲೇ ತೊಡಕಿದೆ. ಈಗ ಬಳಕೆಯಲ್ಲಿರುವ, ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಎಣಿಸುವ ಕಾಟೋ-ಕಾಟ್ಜ್ ವಿಧಾನದಲ್ಲಿ ಸ್ಲೈಡ್ ಮಾಡಿ ಒಂದು ಗಂಟೆ ತಡವಾದರೆ ಕೊಕ್ಕೆಹುಳುವಿನ ಮೊಟ್ಟೆ ಕರಗಿ ಕಾಣದೇ ಹೋಗುತ್ತದೆ. ಹುಳು ಕಡಿಮೆ ಇದ್ದವರಲ್ಲಂತೂ ಸಿಗೋದೇ ಕಷ್ಟ. ಡಿಎನ್‌ಎ ಪರೀಕ್ಷೆಗೆ ದುಡ್ಡು ಜಾಸ್ತಿ, ಲ್ಯಾಬ್ ಬೇಕು. ಪಿಎಚ್‌ಸಿಯಲ್ಲೇ ಮಾಡಬಹುದಾದ ಅಗ್ಗದ ಪರೀಕ್ಷೆ ಬರದೆ ಯಾವ ಊರನ್ನೂ "ಹುಳು ಮುಕ್ತ" ಅನ್ನಲು ಆಗುವುದಿಲ್ಲ.

ಪ್ರಶ್ನೆ (ಗೃಹಿಣಿ, ಕೋಲಾರ):
ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬಿದ ಕೆರೆ ಕಡೆಯಿಂದ ಬರುವ ಸೊಪ್ಪು ತಿನ್ನಬಹುದಾ?

ಉತ್ತರ:
ಹಸಿಯಾಗಿ ತಿನ್ನುವ ಬೆಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಹುಳುಮೊಟ್ಟೆ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕೆರೆಯಲ್ಲಿ ನಿಂತ ನೀರಲ್ಲಿ ಮೊಟ್ಟೆ ತಳಕ್ಕೆ ಇಳಿಯುತ್ತದೆ, ಹೂಳಿನಲ್ಲಿ ಉಳಿಯುತ್ತದೆ. ಅದಕ್ಕೇ ನಮ್ಮ ಕೆರೆಗಳ ನೀರು, ಹೂಳು ಎರಡನ್ನೂ ಆಗಾಗ ಪರೀಕ್ಷಿಸಬೇಕು ಅನ್ನೋದು ನನ್ನ ಒತ್ತಾಯ. ಸೊಪ್ಪು ಚೆನ್ನಾಗಿ ಬೇಯಿಸಿದರೆ ಭಯವಿಲ್ಲ. ಕೊತ್ತಂಬರಿಯನ್ನು ಹರಿಯುವ ನೀರಲ್ಲಿ ನಾಲ್ಕೈದು ಸಲ ತೊಳೆಯಿರಿ. ಕ್ಯಾರೆಟ್, ಸೌತೆಕಾಯಿ ತೊಳೆದು ಸಿಪ್ಪೆ ತೆಗೆದು ಕೊಡಿ.