ಸಹಾಯ ಬೇಕು: ನಮ್ಮ ಹಳೇ ರೈಲಿನ ನೆನಪುಗಳನ್ನು ಯಾರು ನೋಡಿಕೊಳ್ಳುತ್ತೀರಿ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ಲೈನಿನ ನೆನಪು ಉಳಿಸಲು ನಾವು ಕೆಲವರು ಕಟ್ಟಿಕೊಂಡಿದ್ದ ಗುಂಪನ್ನು ಈ ಮಳೆಗಾಲ ಮುಗಿಯುವಷ್ಟರಲ್ಲಿ ಮುಚ್ಚುತ್ತಿದ್ದೇವೆ. ವಯಸ್ಸಾಯಿತು, ಓಡಾಡಲು ಆಗುತ್ತಿಲ್ಲ. ಆದರೆ ಕೆಲಸ ನಿಲ್ಲಬಾರದು ಅಲ್ವಾ?

ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂತು, ಆಮೇಲೆ ಸಾಗರ ದಾಟಿ ತಾಳಗುಪ್ಪಕ್ಕೂ ಹೋಯಿತು. ಬ್ರಾಡ್ ಗೇಜ್ (ಅಗಲ ಹಳಿ) ಆಗುವ ಮೊದಲು ಅಲ್ಲಿ ಓಡುತ್ತಿದ್ದ ರೈಲು ಬಸ್ಸಿನ (ಹಳಿ ಮೇಲೆ ಓಡುವ ಬಸ್ಸಿನಂಥ ಗಾಡಿಯ) ಫೋಟೋ, ರಟ್ಟಿನ ಟಿಕೆಟ್, ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದ ಹಿರಿಯರ ಮಾತಿನ ರೆಕಾರ್ಡಿಂಗ್ ಎಲ್ಲ ನಮ್ಮ ಹತ್ತಿರ ಇವೆ. ತರೀಕೆರೆ–ನರಸಿಂಹರಾಜಪುರದ ಪುಟ್ಟ ರೈಲಿನದೂ ಸ್ವಲ್ಪ ಇದೆ.

ಮಳೆಯ ತೇವಕ್ಕೆ ಫೋಟೋಗಳಿಗೆ ಬೂಸ್ಟು ಹಿಡಿಯುತ್ತಿದೆ, ಅದೇ ಜಾಸ್ತಿ ಚಿಂತೆ. ಒಣ ಕೋಣೆ ಇರುವ ಲೈಬ್ರರಿ ಅಥವಾ ಕಾಲೇಜು, ಸ್ಕ್ಯಾನ್ ಮಾಡಿಕೊಡುವ ಹುಡುಗರು ಗೊತ್ತಿದ್ದರೆ ಹೇಳಿ. ಸುಮ್ನೆ ಬೀರುವಿನಲ್ಲಿ ಇಡುವವರಿಗೆ ಕೊಡುವುದಿಲ್ಲ, ಕೇಳಿ ಬಂದವರಿಗೆ ತೋರಿಸಬೇಕು.