ಮಗಳ ಮೊದಲ ಶಬ್ಬಾತ್ ಕೂಟ: ಕಳಿಸಿದವರ ಅನುಭವ ಬೇಕು

ನಮಸ್ಕಾರ. ನಾನು ಶಿವಮೊಗ್ಗದವಳು, ಈಗ ನ್ಯೂಜೆರ್ಸಿಯಲ್ಲಿದ್ದೀನಿ. ನಮ್ಮ ಯಜಮಾನರು ಯಹೂದಿ. ಮನೆಯಲ್ಲಿ ಹನುಕ್ಕಾ ದೀಪವನ್ನೂ ಹಚ್ತೀವಿ, ಗೌರಿ ಹಬ್ಬದ ಬಾಗಿನವನ್ನೂ ಕೊಡ್ತೀವಿ. ಸಿನಗಾಗ್‌ಗೆ, ಅಂದ್ರೆ ಅವರ ಪ್ರಾರ್ಥನಾ ಮಂದಿರಕ್ಕೆ ಹೋಗೋದು ಮಾತ್ರ ಅಪರೂಪ. ಒಂಬತ್ತನೇ ಕ್ಲಾಸಿನ ಮಗಳನ್ನ ಅವಳ ಗೆಳತಿ ಯುಎಸ್‌ವೈ ಅನ್ನೋ ಯಹೂದಿ ಯುವ ಸಂಘಟನೆಯ ವಾರಾಂತ್ಯದ ಕೂಟಕ್ಕೆ ಕರೆದಿದ್ದಾಳೆ. ನವೆಂಬರ್ ಮಧ್ಯದಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ. ಅದರಲ್ಲಿ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಶಬ್ಬಾತ್, ಅಂದ್ರೆ ಯಹೂದಿಗಳ ವಾರದ ವಿಶ್ರಾಂತಿ ದಿನ. ಮಗಳಿಗಂತೂ ಹೋಗಲೇಬೇಕು. ತಾಯಿ ಯಹೂದಿಯಲ್ಲ ಅಂತ ಅಲ್ಲಿ ಅವಳನ್ನ ಬೇರೆ ಥರ ನೋಡ್ತಾರಾ? ಅವಳು ಸಸ್ಯಾಹಾರಿ, ಊಟಕ್ಕೇನು ಮಾಡೋದು? ಶಬ್ಬಾತ್ ಮುಗಿಯೋವರೆಗೆ ಫೋನನ್ನೂ ಮುಟ್ಟೋ ಹಾಗಿಲ್ಲವಂತೆ. ಮಕ್ಕಳನ್ನ ಕಳಿಸಿದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ.

ಧಾರವಾಡದ ತಾಯಿ, ಈಗ ಮೇರಿಲ್ಯಾಂಡ್

ನಿಮ್ಮ ಮೊದಲ ಪ್ರಶ್ನೆಯೇ ಮುಖ್ಯವಾದದ್ದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ನಮ್ಮದೂ ನಿಮ್ಮಂಥದೇ ಮನೆ. ಮಗ, ಮಗಳು ಇಬ್ಬರೂ ಈ ಕೂಟಗಳಲ್ಲೇ ಬೆಳೆದರು.

ಯಹೂದಿ ಧರ್ಮಶಾಸ್ತ್ರದಲ್ಲಿ ತಾಯಿ ಯಹೂದಿಯಾದರೆ ಮಗು ಯಹೂದಿ. ಆರ್ಥೊಡಾಕ್ಸ್, ಕನ್ಸರ್ವೇಟಿವ್ ಪಂಥಗಳು ಇವತ್ತಿಗೂ ಇದನ್ನೇ ಪಾಲಿಸ್ತವೆ. ತಂದೆ ಯಹೂದಿಯಾಗಿದ್ದು ಮಗುವನ್ನ ಯಹೂದಿಯಾಗಿ ಬೆಳೆಸಿದ್ರೂ ಆಯಿತು ಅಂತ ಅಮೆರಿಕದ ರಿಫಾರ್ಮ್ ಪಂಥ 1983ರಲ್ಲಿ ಒಪ್ಪಿಕೊಂಡಿತು. ಹಾಗಾಗಿ ಕರೆದಿರೋದು ಯಾವ ಸಂಘಟನೆ ಅನ್ನೋದು ಮುಖ್ಯ. ಎನ್‌ಎಫ್‌ಟಿವೈ ರಿಫಾರ್ಮ್‌ನವರದು, ಎನ್‌ಸಿಎಸ್‌ವೈ ಆರ್ಥೊಡಾಕ್ಸ್‌ನವರದು, ಬಿಬಿವೈಒ ಯಾವ ಪಂಥಕ್ಕೂ ಸೇರಿದ್ದಲ್ಲ. ಯುಎಸ್‌ವೈ 1951ರಲ್ಲಿ ಶುರುವಾದದ್ದು, ಕನ್ಸರ್ವೇಟಿವ್ ಪಂಥದ್ದು.

ನಾನು ಕಂಡ ಹಾಗೆ ಆಟದಲ್ಲಿ, ಹಾಡಿನಲ್ಲಿ, ಊಟದಲ್ಲಿ ಆ ಹುಡುಗರು ಯಾರ ಜಾತಕವನ್ನೂ ಕೇಳಲ್ಲ. ಪ್ರಶ್ನೆ ಏಳೋದು ಶನಿವಾರ ಬೆಳಗ್ಗೆ. ಅವರ ಧರ್ಮಗ್ರಂಥವಾದ ತೋರಾ ಓದುವಾಗ ಒಬ್ಬೊಬ್ಬರನ್ನೇ ಹೆಸರಿಡಿದು ಮೇಲಕ್ಕೆ ಕರೀತಾರೆ, ಅದಕ್ಕೆ ಅಲಿಯಾ ಅಂತಾರೆ. ಅದು ಶಾಸ್ತ್ರಪ್ರಕಾರ ಯಹೂದಿಯಾದವರಿಗೆ ಮಾತ್ರ ಸಲ್ಲುವ ಗೌರವ. ಹೊಸದಾಗಿ ಬಂದವರಿಗೆ ಖುಷಿಯಾಗಲಿ ಅಂತ ಹುಡುಗರು ಪ್ರೀತಿಯಿಂದಲೇ 'ಈ ಸಲ ನೀನು ಹೋಗು' ಅಂದುಬಿಡ್ತಾರೆ. ನೂರು ಜನರ ಎದುರು 'ನಾನು ಹೋಗೋ ಹಾಗಿಲ್ಲ' ಅಂತ ಹೇಳೋ ಪರಿಸ್ಥಿತಿ ಆ ಮಗುವಿಗೆ ಬರಬಾರದು. ಆದ್ದರಿಂದ ದುಡ್ಡು ಕಟ್ಟೋ ಮೊದಲೇ ಆ ವಲಯದ ನಿರ್ದೇಶಕರಿಗೆ ಫೋನ್ ಮಾಡಿ, ಮನೆಯ ವಿಷಯ ಮುಚ್ಚುಮರೆ ಇಲ್ಲದೆ ಹೇಳಿ. ನಾವು ಹೇಳಿದ್ವಿ. ಅವರು ಒಂಚೂರೂ ಮುಜುಗರಪಡದೆ, ಊಟದ ನಂತರದ ಚರ್ಚೆ ನಡೆಸೋ ಕೆಲಸವನ್ನ ನಮ್ಮ ಮಗನಿಗೆ ಕೊಟ್ಟರು. ಅವನಿಗೆ ಅದೇ ಬಲು ಇಷ್ಟವಾಯಿತು.

ಇನ್ನೊಂದು ಮಾತು. ಯಹೂದಿಗಳು ಯಹೂದಿಗಳನ್ನೇ ಮದುವೆಯಾಗಬೇಕು ಅನ್ನೋ ವಿಚಾರ ಈ ಕೂಟಗಳಲ್ಲಿ ಬಂದೇ ಬರುತ್ತೆ. ಪದಾಧಿಕಾರಿಗಳಾದ ಹುಡುಗ ಹುಡುಗಿಯರು ಯಹೂದಿಯಲ್ಲದವರ ಜೊತೆ ಡೇಟಿಂಗ್ ಮಾಡಬಾರದು ಅನ್ನೋ ನಿಯಮವೇ ಯುಎಸ್‌ವೈನಲ್ಲಿ ಇತ್ತು. 2014ರ ಡಿಸೆಂಬರ್‌ನಲ್ಲಿ, ಅಟ್ಲಾಂಟಾ ಸಮಾವೇಶದ ಹೊತ್ತಿಗೆ, ಪದಾಧಿಕಾರಿ ಹುಡುಗರೇ ಮತ ಹಾಕಿ ಅದನ್ನ ಸಡಿಲಿಸಿದರು. ನಿಯಮ ಸಡಿಲವಾದರೂ ಚರ್ಚೆ ನಿಂತಿಲ್ಲ. ನನ್ನ ಮಗಳು ಒಂದು ಸಲ ಮನೆಗೆ ಬಂದು 'ಅಮ್ಮಾ, ನೀನು ಅಪ್ಪನ್ನ ಮದುವೆಯಾಗಿದ್ದು ಅವರಿಗೆ ನಷ್ಟವಂತೆ, ಹೌದಾ?' ಅಂತ ಕೇಳಿದಳು. ಆ ರಾತ್ರಿ ನಾವು ಮೂವರೂ ಕೂತು ಬಹಳ ಹೊತ್ತು ಮಾತಾಡಿದ್ವಿ. ಸಣ್ಣ ಸಮುದಾಯ, ನಾಜಿಗಳ ಹತ್ಯಾಕಾಂಡದಲ್ಲಿ 60 ಲಕ್ಷ ಜನರನ್ನ ಕಳೆದುಕೊಂಡವರು. ಅವರ ಭಯ ನನಗೆ ಅರ್ಥವಾಗುತ್ತೆ. ಹಾಗಂತ ನನ್ನ ಮನೆ ಯಾರ ನಷ್ಟದ ಲೆಕ್ಕವೂ ಅಲ್ಲ. ಈ ಎರಡೂ ಮಾತನ್ನ ನೀವಿಬ್ಬರೂ ಸೇರಿ ಮಗಳಿಗೆ ಮೊದಲೇ ಹೇಳಿಬಿಡಿ, ಅಲ್ಲಿ ಯಾರದೋ ಬಾಯಲ್ಲಿ ಮೊದಲ ಸಲ ಕೇಳೋದು ಬೇಡ. ನನ್ನ ಮಗಳು ದೊಡ್ಡವಳಾದ ಮೇಲೆ ತಾನೇ ರಬ್ಬಿ, ಅಂದ್ರೆ ಯಹೂದಿ ಧರ್ಮಗುರುಗಳ ಹತ್ತಿರ ಕಲಿತು, ಮಿಕ್ವೆ ಅನ್ನೋ ಶುದ್ಧಿಸ್ನಾನದ ಕೊಳದಲ್ಲಿ ಮುಳುಗು ಹಾಕಿ ಶಾಸ್ತ್ರಪ್ರಕಾರ ಯಹೂದಿಯಾದಳು. ಮಗ ಆಗಲಿಲ್ಲ. ಇಬ್ಬರಿಗೂ ಅಲ್ಲಿನ ಗೆಳೆತನ ಇವತ್ತಿಗೂ ಹಾಗೇ ಇದೆ.

ಕೂಟದ ಅಡುಗೆಮನೆಯಲ್ಲಿ ಕೈ ಜೋಡಿಸುವವಳು, ಫಿಲಡೆಲ್ಫಿಯಾ

ಊಟದ ವಿಷಯ ನಾನು ಹೇಳ್ತೀನಿ. ಫಾರ್ಮ್‌ನಲ್ಲಿ 'ಸಸ್ಯಾಹಾರಿ' ಅಂತ ಬರೆದರೆ ಸಾಲದು. ಕೋಷರ್, ಅಂದ್ರೆ ಯಹೂದಿ ಆಹಾರ ನಿಯಮದ ಲೆಕ್ಕದಲ್ಲಿ ಮೀನು ಮಾಂಸಕ್ಕೆ ಸೇರಲ್ಲ, ಮೊಟ್ಟೆಯೂ ಅಷ್ಟೆ. ಹಾಲಿನ ಊಟ ಅಂತ ಬಡಿಸಿದ್ದರಲ್ಲಿ ಟ್ಯೂನಾ ಇರಬಹುದು. ಶಬ್ಬಾತ್‌ನ ಹೆಣೆದ ಬ್ರೆಡ್ಡು ಹಲ್ಲಾಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರ್ತಾರೆ. ಮಗಳು ಏನೇನು ತಿನ್ನಲ್ಲವೋ ಹೆಸರು ಹೆಸರಾಗಿ ಬರೀರಿ.

ಶುಕ್ರವಾರ ರಾತ್ರಿ ಬಹುತೇಕ ಕೋಳಿಯ ಊಟ. ಮಾಂಸದ ಊಟದ ಮೇಜಿನ ಮೇಲೆ ಹಾಲು, ಮೊಸರು, ಬೆಣ್ಣೆ ಏನೂ ಬರೋ ಹಾಗಿಲ್ಲ. ಅವಳು ಕೋಳಿ ಮುಟ್ಟದೇ ಇದ್ದರೂ ಅಲ್ಲಿ ಕೂತು ಮೊಸರನ್ನ ಕಲಸೋ ಹಾಗಿಲ್ಲ. ಇದು ನಮ್ಮ ಮಕ್ಕಳಿಗೆ ಮೊದಲು ಹೊಳೆಯೋದೇ ಇಲ್ಲ. ಶಬ್ಬಾತ್‌ನಲ್ಲಿ ಒಲೆ ಹಚ್ಚಿ ಬೇಯಿಸುವಂತಿಲ್ಲವಲ್ಲ, ಶನಿವಾರ ಮಧ್ಯಾಹ್ನಕ್ಕೆ ಚೋಲೆಂಟ್ ಅನ್ನೋ ಹುಳಿಯನ್ನ ಹಿಂದಿನ ಸಂಜೆಯೇ ಸಣ್ಣ ಉರಿಯಲ್ಲಿ ಇಟ್ಟಿರ್ತಾರೆ. ಹುರುಳಿಕಾಯಿ ಬೀಜ, ಬಾರ್ಲಿ, ಆಲೂಗಡ್ಡೆ, ಜೊತೆಗೆ ಮಾಂಸ. ಹತ್ತು ದಿನ ಮೊದಲೇ ಹೇಳಿದರೆ ಮಾಂಸ ಹಾಕದ ಪಾತ್ರೆಯೊಂದನ್ನ ಬೇರೆ ಇಡ್ತೀವಿ. ಶುಕ್ರವಾರ ಬಂದು ಹೇಳಿದರೆ ಕೈಲಾಗಲ್ಲ.

ಮನೆಯ ಚಕ್ಕುಲಿ, ಪುಳಿಯೋಗರೆ ಕಳಿಸಬೇಡಿ. ಕೋಷರ್ ಅಲ್ಲದ ಅಡುಗೆಮನೆಯಲ್ಲಿ ಮಾಡಿದ್ದನ್ನ ಒಳಗೆ ಬಿಡಲ್ಲ. ಪೊಟ್ಟಣದ ಮೇಲೆ ವೃತ್ತದೊಳಗೆ ಯು ಅಕ್ಷರವೋ ಅಥವಾ ಅಂಥ ಬೇರೆ ಕೋಷರ್ ಮುದ್ರೆಯೋ ಇರೋ ತಿಂಡಿ, ಬೀಜಗಳನ್ನ ಧಾರಾಳವಾಗಿ ಕಳಿಸಿ.

ಮಂಡ್ಯದವನು, ಪ್ರತಿ ಸಲ ಕಾರು ಓಡಿಸುವ ಅಪ್ಪ

ಹೊತ್ತಿನ ಬಗ್ಗೆ ಹುಷಾರಾಗಿರಿ. ನವೆಂಬರ್ ಮಧ್ಯದಲ್ಲಿ ನಿಮ್ಮ ಕಡೆ ನಾಲ್ಕೂವರೆ ದಾಟುತ್ತಲೇ ಸೂರ್ಯ ಮುಳುಗ್ತಾನೆ. ಅದಕ್ಕೂ 18 ನಿಮಿಷ ಮೊದಲೇ ಶಬ್ಬಾತ್ ದೀಪ ಹಚ್ಚಿ ಆಗಿರುತ್ತೆ. ಮೂರೂವರೆಗಾದರೂ ಮುಟ್ಟಬೇಕು ಅಂದ್ರೆ ಸ್ಕೂಲಿಂದ ಬೇಗ ಕರ್ಕೊಂಡು ಹೊರಡಲೇಬೇಕು. ಶುಕ್ರವಾರದ ಟ್ರಾಫಿಕ್ಕು ನಿಮಗೇ ಗೊತ್ತು.

ಫೋನಿಗೆ ಹೆದರಬೇಡಿ. ಶನಿವಾರ ಸಂಜೆ ನಕ್ಷತ್ರ ಮೂಡೋವರೆಗೂ, ಸುಮಾರು 25 ಗಂಟೆ, ಅವಳ ದನಿ ಕೇಳಿಸಲ್ಲ. ತುರ್ತಿಗೆ ಬೇಕಾಗುತ್ತೆ, ಜೊತೆಗಿರುವ ಹಿರಿಯರೊಬ್ಬರ ನಂಬರು ತಗೊಂಡಿರಿ. ಜೀವಕ್ಕೆ ಅಪಾಯ ಅಂತಾದರೆ ಶಬ್ಬಾತ್ ನಿಯಮವನ್ನ ಮೀರಲೇಬೇಕು ಅಂತ ಅವರ ಶಾಸ್ತ್ರವೇ ಹೇಳುತ್ತೆ. ಔಷಧಿ ಇದ್ದರೆ ಬ್ಯಾಗಿಗೆ ಹಾಕಬೇಡಿ, ಚೀಟಿ ಸಮೇತ ಅವರ ಕೈಗೇ ಕೊಡಿ.

ಬಾಗಿಲಲ್ಲಿ ಕಾವಲು ಇರುತ್ತೆ. 2018ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗಿನ ಸಿನಗಾಗ್‌ನಲ್ಲಿ ಶಬ್ಬಾತ್ ಬೆಳಗ್ಗೆ 11 ಜನರನ್ನ ಗುಂಡಿಟ್ಟು ಕೊಂದ ಮೇಲೆ ಎಲ್ಲ ಕಡೆ ಬಿಗಿ. ಬಿಡೋಕೆ, ಕರ್ಕೊಂಡು ಬರೋಕೆ ಯಾರು ಹೋಗ್ತಾರೆ ಅನ್ನೋದನ್ನ ಮೊದಲೇ ಬರೆದುಕೊಟ್ಟು ಗುರುತಿನ ಚೀಟಿ ಇಟ್ಟುಕೊಂಡು ಹೋಗಿ. ತಪಾಸಣೆ ಮಾಡಿದರೆ ಬೇಜಾರು ಮಾಡ್ಕೋಬೇಡಿ. ನನ್ನ ಮಗಳು ಒಳಗಿರುವಾಗ ಆ ಕಾವಲು ಕಂಡರೆ ನನಗೆ ನೆಮ್ಮದಿ.

ಈಗ ಕಾಲೇಜಿನಲ್ಲಿರುವವಳು

ಆಂಟಿ, ನನ್ನಮ್ಮ ಬೆಂಗಳೂರಿನವರು, ಅಪ್ಪ ಯಹೂದಿ. ನಿಮ್ಮ ಮಗಳ ವಯಸ್ಸಿನಲ್ಲಿ ನಾನೂ ಹೋಗೋಕೆ ಶುರು ಮಾಡಿದೆ. ಶುಕ್ರವಾರ ರಾತ್ರಿ ಕಷ್ಟ ಅಂತ ಅವಳಿಗೆ ಹೇಳಿಡಿ. ಊಟ ಮುಗಿದ ಮೇಲೆ ಎಲ್ಲರೂ ಮೇಜು ಕುಟ್ಟಿಕೊಂಡು ಉದ್ದದ ಹೀಬ್ರೂ ಪ್ರಾರ್ಥನೆಯನ್ನ ಒಂದೇ ಉಸಿರಿಗೆ ಹಾಡ್ತಾರೆ, ನಮಗೆ ಒಂದಕ್ಷರವೂ ಗೊತ್ತಿರಲ್ಲ. ಬ್ರೆಡ್ಡಿಗೆ ಮೊದಲು ಕೈ ತೊಳೆದ ಮೇಲೆ ಯಾರೂ ಮಾತಾಡಲ್ಲ, ಬರೀ ಗುನುಗ್ತಾರೆ. ಅವಳೂ ಸುಮ್ಮನಿದ್ದರೆ ಸಾಕು. ಪುಸ್ತಕದಲ್ಲಿ ಇಂಗ್ಲಿಷ್ ಲಿಪಿಯಲ್ಲೂ ಹಾಡು ಇರುತ್ತೆ, ಕೇಳಿ ಇಸ್ಕೊಳ್ಳಲಿ. ಶನಿವಾರ ಮಧ್ಯಾಹ್ನದ ಹೊತ್ತಿಗೆ ನಾನೂ ಮೇಜು ಕುಟ್ಟುತ್ತಿದ್ದೆ.

ಎಲ್ಲವನ್ನೂ ನಡೆಸೋದು ಹುಡುಗರೇ. ಕಾರ್ಯಕ್ರಮ ಯೋಚಿಸೋದು, ಚುನಾವಣೆಗೆ ನಿಲ್ಲೋದು, ಜಗಳ ಬಿಡಿಸೋದು. ದೊಡ್ಡವರು ಇರ್ತಾರೆ, ಮುಂದೆ ಬರಲ್ಲ. ಶನಿವಾರ ಸಂಜೆ ಶಬ್ಬಾತ್‌ಗೆ ವಿದಾಯ ಹೇಳೋ ಹವ್ದಾಲಾ ತಪ್ಪಿಸಬಾರದು. ದೀಪಗಳನ್ನೆಲ್ಲ ಆರಿಸಿ, ಹೆಣೆದ ಮೇಣದಬತ್ತಿ ಹಚ್ಚಿ, ಲವಂಗ ಚಕ್ಕೆಯ ಡಬ್ಬಿಯನ್ನ ಕೈಯಿಂದ ಕೈಗೆ ದಾಟಿಸಿ, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಹಾಡ್ತಾರೆ. ಹಿಂದಿನ ದಿನ ಪರಿಚಯವೇ ಇಲ್ಲದವರು ಪಕ್ಕದಲ್ಲಿರ್ತಾರೆ.

ಪ್ರಾರ್ಥನೆಗೆ ಒಂದೆರಡು ಒಳ್ಳೆಯ ಉಡುಪು, ದಪ್ಪ ಸ್ವೆಟರ್ ಇರಲಿ. ಮಲಗೋದು ಯಾರದಾದರೂ ಮನೆಯಲ್ಲೋ ಸಿನಗಾಗ್‌ನಲ್ಲೋ ಅಂತ ಕೇಳಿಕೊಂಡು ಸ್ಲೀಪಿಂಗ್ ಬ್ಯಾಗ್ ಕೊಡಿ.

ಪ್ರಶ್ನೆ ಕೇಳಿದವರು

ನಿಮಗೆಲ್ಲ ಎಷ್ಟು ಧನ್ಯವಾದ ಹೇಳಿದರೂ ಕಡಿಮೆಯೇ. ನಿರ್ದೇಶಕರಿಗೆ ಇವತ್ತೇ ಫೋನ್ ಮಾಡಿದೆ. ಮಗಳು ಬರಲಿ, ಅಲಿಯಾ ವಿಷಯ ನಾನು ನೋಡ್ಕೊತೀನಿ ಅಂದರು. ಒಂದೇ ತೊಡಕು. ಅದೇ ಶನಿವಾರ ರಾತ್ರಿ ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವ, ಮಗಳ ನೃತ್ಯ ಇದೆ. ನಾಲ್ಕು ಗಂಟೆಗೇ ಕರ್ಕೊಂಡು ಬರಬಹುದಾ?

ಧಾರವಾಡದ ತಾಯಿ, ಈಗ ಮೇರಿಲ್ಯಾಂಡ್

ನಾಲ್ಕಕ್ಕೆ ಬೇಡ. ಆಗಿನ್ನೂ ಶಬ್ಬಾತ್ ನಡೀತಿರುತ್ತೆ, ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರೆ ಅವಳಿಗೇ ಕಸಿವಿಸಿ. ಐದೂವರೆ ಸುಮಾರಿಗೆ ಹವ್ದಾಲಾ ಮುಗಿಯುತ್ತೆ. ಆರು ಗಂಟೆಗೆ ಬರ್ತೀವಿ ಅಂತ ನಿರ್ದೇಶಕರಿಗೆ ಈಗಲೇ ತಿಳಿಸಿ. ಸಂಘದವರಿಗೆ ಹೇಳಿ ಅವಳ ನೃತ್ಯವನ್ನ ಕೊನೆಗೆ ಹಾಕಿಸಿ, ಒಡವೆ ಸೀರೆ ಕಾರಲ್ಲೇ ಇಟ್ಟುಕೊಂಡು ಹೋಗಿ.