ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ: 50 ಸೆಂಟ್‌ನ ಕಲ್ಲೋ, 40 ಸೆಂಟ್‌ನದೋ?

ಪ್ರಶ್ನೆ – ಹಾಸನದವನು

ಬರುವ ಕಾರ್ತಿಕ ಮಾಸದಲ್ಲಿ ನನ್ನ ನಿಶ್ಚಿತಾರ್ಥ. ನಮ್ಮ ಮನೆಯಲ್ಲಿ ವಜ್ರವೆಂದರೆ ಅಜ್ಜಿಯ ಏಳು ಕಲ್ಲಿನ ಓಲೆ ಮಾತ್ರ. ಒಂಟಿ ಕಲ್ಲಿನ ಉಂಗುರವನ್ನು ಹೇಗೆ ಆರಿಸಬೇಕೆಂದು ಹೇಳಿಕೊಡುವವರು ಯಾರೂ ಇಲ್ಲ. ನನ್ನ ಕೈಯಲ್ಲಿರುವುದು ಒಂದೂಕಾಲು ಲಕ್ಷ ರೂಪಾಯಿ. ಅಷ್ಟೇ ಹಣಕ್ಕೆ ಒಂದು ಅಂಗಡಿಯವರು ಅರ್ಧ ಕ್ಯಾರೆಟ್ ತೂಗುವ, ಅಂದರೆ 50 ಸೆಂಟ್‌ನ ಕಲ್ಲನ್ನೂ ಇನ್ನೊಂದು ಅಂಗಡಿಯವರು 40 ಸೆಂಟ್‌ನದನ್ನೂ ತೋರಿಸಿದರು. ದೊಡ್ಡದರ ಪ್ರಮಾಣಪತ್ರದಲ್ಲಿ ಕಟ್ (ಕಲ್ಲಿನ ಮುಖಗಳನ್ನು ಕೊರೆದ ಬಗೆ) ‘ಗುಡ್’ ಎಂದಿದೆ, ಚಿಕ್ಕದರಲ್ಲಿ ‘ಎಕ್ಸಲೆಂಟ್’ ಎಂದಿದೆ. ಚಿಕ್ಕದರ ಬಣ್ಣದ ದರ್ಜೆ ಎಚ್, ಕ್ಲಾರಿಟಿಯ (ಒಳಗಿನ ಶುದ್ಧತೆಯ) ದರ್ಜೆ ವಿಎಸ್2; ವಿವಿಎಸ್ ಅದಕ್ಕಿಂತ ಮೇಲಿನದು. ವಿವಿಎಸ್‌ಗಿಂತ ಕೆಳಗಿನದನ್ನು ಮುಟ್ಟಲೇಬೇಡ ಎಂದು ಬಂಧುಗಳೊಬ್ಬರು ಹೆದರಿಸಿದ್ದಾರೆ. ‘ಬ್ಲೂ ಜಾಗರ್’ ಎಂಬ ನೀಲಿ ಛಾಯೆಯ ವಜ್ರ ಕೇಳು ಎಂದು ಅಮ್ಮ ಹೇಳುತ್ತಾರೆ. ನಾನು ಕೈಹಿಡಿಯಲಿರುವವರು ರೇಷ್ಮೆ ರವಿಕೆಗಳಿಗೆ ಆರಿ ಕಸೂತಿ ಹಾಕುತ್ತಾರೆ, ಸೀರೆಗೆ ಕುಚ್ಚು ಕಟ್ಟುತ್ತಾರೆ. ಉಂಗುರ ಪೆಟ್ಟಿಗೆ ಸೇರದೆ ದಿನವೂ ಅವರ ಬೆರಳಿನಲ್ಲಿರಬೇಕೆಂಬುದು ನನ್ನ ಆಸೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 – ಕಲ್ಲು ನೋಡುವವರು

ಆಭರಣದಂಗಡಿಯಲ್ಲಿ ಬಹಳ ವರ್ಷ ಕಲ್ಲು ಆರಿಸುವ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಮೊದಲು ಕಟ್ ನೋಡಿ, ಮಿಕ್ಕಿದ್ದೆಲ್ಲ ಆಮೇಲೆ. ವಜ್ರದ ಮೇಲ್ಭಾಗದಿಂದ ಒಳಹೊಕ್ಕ ಬೆಳಕು ಕೆಳಗಿನ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಬಂದರೆ ಮಾತ್ರ ಕಲ್ಲು ಹೊಳೆಯುತ್ತದೆ; ಕೋನ ತಪ್ಪಿದರೆ ಬೆಳಕು ಕೆಳಗಿನಿಂದಲೇ ಸೋರಿಹೋಗಿ, ಎಷ್ಟೇ ಶುದ್ಧವಾದ ಕಲ್ಲಾದರೂ ನಡುವೆ ಮಂಕಾಗಿ ಕಾಣುತ್ತದೆ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೆಯ ಒಂದು ಪಾಲು ಸೆಂಟ್. ಇದು ತೂಕವೇ ಹೊರತು ಅಗಲವಲ್ಲ. ಒಳ್ಳೆಯ ಕಟ್ ಇರುವ 40 ಸೆಂಟ್‌ನ ದುಂಡು ಕಲ್ಲು ಸುಮಾರು 4.8 ಮಿಲಿಮೀಟರ್ ಅಗಲವಿದ್ದರೆ, 50 ಸೆಂಟ್‌ನದು ಸುಮಾರು 5.1. ತೂಕವನ್ನೆಲ್ಲ ಹೊಟ್ಟೆಯಲ್ಲಿ ಅಡಗಿಸಿಕೊಂಡ ಆಳದ ಕಲ್ಲಾಗಿದ್ದರೆ ಈ ಅಂತರವೂ ಉಳಿಯುವುದಿಲ್ಲ. ಪ್ರಮಾಣಪತ್ರದಲ್ಲಿ ಅಳತೆಗಳು ಇರುತ್ತವೆ, ಹೋಲಿಸಿ ನೋಡಿ.

ವಿವಿಎಸ್ ಬಗ್ಗೆ ಹೆದರಬೇಡಿ. ಕ್ಲಾರಿಟಿಯನ್ನು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಡಿಯಲ್ಲಿ ನಿರ್ಧರಿಸುತ್ತಾರೆ. ವಿಎಸ್2 ಕಲ್ಲಿನೊಳಗಿನ ಚುಕ್ಕೆ ಈ ಗಾತ್ರದಲ್ಲಿ ಬರಿಗಣ್ಣಿಗೆ ಕಾಣುವುದಿಲ್ಲ. ಎಚ್ ಬಣ್ಣ ಹಳದಿ ಚಿನ್ನದಲ್ಲಿ ಬೆಳ್ಳಗೇ ಕಾಣುತ್ತದೆ. ತಾಯಿಯವರು ಹೇಳುವ ಬ್ಲೂ ಜಾಗರ್ ಎಂಬ ಹೆಸರು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದದ್ದು, ಆ ಗಣಿ ಮುಚ್ಚಿ ದಶಕಗಳಾದವು. ಇಂದು ಆ ಹೆಸರು ಹೇಳಿ ಯಾರಾದರೂ ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ.

ಇನ್ನೊಂದು ಮಾತು. ಅಂಗಡಿಯ ದೀಪದಡಿಯಲ್ಲಿ ಎಲ್ಲ ಕಲ್ಲೂ ಮಿನುಗುತ್ತದೆ. ಎರಡನ್ನೂ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ಹಿಡಿದು ನೋಡಿ.

ಉತ್ತರ 2 – ಶಿವಮೊಗ್ಗದ ಓದುಗರು

ಕಲ್ಲಿನಷ್ಟೇ ಅದನ್ನು ಕೂರಿಸುವ ಬಗೆಯನ್ನೂ ಯೋಚಿಸಿ. ನನ್ನ ಉಂಗುರದಲ್ಲಿ ಚಿಕ್ಕ ಕೊಕ್ಕೆಯಂಥ ನಾಲ್ಕು ಪ್ರಾಂಗ್‌ಗಳು ಕಲ್ಲನ್ನು ಎತ್ತರದಲ್ಲಿ ಹಿಡಿದಿದ್ದವು. ಸೀರೆಯ ಸೆರಗಿನ ಎಳೆ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ನಾನು ಎಳೆಯನ್ನು ಬಿಡಿಸಿಕೊಂಡು ಸುಮ್ಮನಾಗುತ್ತಿದ್ದೆ. ಎಳೆದೆಳೆದು ಒಂದು ಪ್ರಾಂಗ್ ಮೇಲೆದ್ದದ್ದು ನನಗೆ ತಿಳಿಯಲೇ ಇಲ್ಲ. ಒಂದು ಬೆಳಿಗ್ಗೆ ಚಪಾತಿ ಹಿಟ್ಟು ಕಲಸಿ ಕೈ ತೊಳೆಯುವಾಗ ನೋಡಿದರೆ ಕಲ್ಲಿದ್ದ ಜಾಗ ಖಾಲಿ. ಹಿಟ್ಟನ್ನೆಲ್ಲ ಜರಡಿಯಲ್ಲಿ ತೊಳೆದೆವು, ಸಿಂಕಿನ ಪೈಪು ಬಿಚ್ಚಿಸಿದೆವು, ಸಿಗಲಿಲ್ಲ. ಆರು ತಿಂಗಳಿಗೊಮ್ಮೆ ಹಿಡಿತವನ್ನು ಪರೀಕ್ಷಿಸಬೇಕೆಂದು ಮಾರಿದವರು ಒಂದು ಮಾತು ಹೇಳಿದ್ದರೆ ಎಂದು ಇಂದಿಗೂ ಅನ್ನಿಸುತ್ತದೆ.

ರೇಷ್ಮೆ ದಾರದೊಡನೆ ದಿನವಿಡೀ ಕೆಲಸ ಮಾಡುವ ಕೈಗೆ ಬೆಜಲ್ ಸೆಟ್ಟಿಂಗ್ ಹಾಕಿಸಿ. ಅದರಲ್ಲಿ ಕಲ್ಲಿನ ಸುತ್ತ ಚಿನ್ನದ ಅಂಚು ಬರುತ್ತದೆ, ದಾರ ಸಿಕ್ಕುವುದಿಲ್ಲ, ಕಲ್ಲಿನ ಅಂಚಿಗೆ ಪೆಟ್ಟೂ ಬೀಳುವುದಿಲ್ಲ. ವಜ್ರ ಎಷ್ಟೇ ಗಟ್ಟಿಯಾದರೂ ಏಟು ಬಿದ್ದರೆ ಸೀಳಬಲ್ಲದು.

ಉತ್ತರ 3 – ಲೆಕ್ಕದವರು

ಬಿಲ್ಲಿನ ಬಗ್ಗೆ ಎರಡು ಮಾತು. ವಜ್ರವನ್ನು ಸಾಮಾನ್ಯವಾಗಿ 18 ಕ್ಯಾರೆಟ್ (ಚಿನ್ನದಲ್ಲಿ ಕ್ಯಾರೆಟ್ ಎಂದರೆ ತೂಕವಲ್ಲ, ಶುದ್ಧತೆ) ಚಿನ್ನದಲ್ಲಿ ಕೂರಿಸುತ್ತಾರೆ, ಏಕೆಂದರೆ 22 ಕ್ಯಾರೆಟ್ ಮೆದು. ಆದ್ದರಿಂದ ಹಾಲ್‌ಮಾರ್ಕಿನಲ್ಲಿ 22 ಕ್ಯಾರೆಟ್ಟಿನ 916 ಅಲ್ಲ, 18 ಕ್ಯಾರೆಟ್ಟಿನ 750 ಇರಬೇಕು. ಜೊತೆಗೆ ಪ್ರತಿ ಒಡವೆಯನ್ನೂ ಗುರುತಿಸುವ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಬೇಕು. ಉಂಗುರದ ಒಟ್ಟು ತೂಕ 4.080 ಗ್ರಾಂ ಆಗಿ, ಅದರಲ್ಲಿ 40 ಸೆಂಟ್‌ನ ಕಲ್ಲಿದ್ದರೆ, ಕಲ್ಲಿನ 0.080 ಗ್ರಾಂ ಕಳೆದು ಉಳಿದ 4 ಗ್ರಾಮಿಗೆ ಮಾತ್ರ ಚಿನ್ನದ ದರ ಹಾಕಬೇಕು. ಕಲ್ಲಿನ ನಡುವಂಚಿನಲ್ಲಿ ಲೇಸರಿನಿಂದ ಕೊರೆದ ಸಂಖ್ಯೆಯಿದ್ದರೆ, ಬೆಜಲ್‌ನಲ್ಲಿ ಕೂರಿಸಿದ ಮೇಲೆ ಅದು ಚಿನ್ನದೊಳಗೆ ಮುಚ್ಚಿಹೋಗಬಹುದು. ಬಿಡಿ ಕಲ್ಲಾಗಿರುವಾಗಲೇ ಮಸೂರದಲ್ಲಿ ಓದಿ ಪ್ರಮಾಣಪತ್ರದೊಡನೆ ತಾಳೆ ನೋಡಿಕೊಳ್ಳಿ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೂ ನಿಜವಾದ ವಜ್ರವೇ, ಬೆಲೆ ಬಹಳ ಕಡಿಮೆ. ಆದರೆ ಮರುಮಾರಾಟದ ಆಸೆ ಇಟ್ಟುಕೊಳ್ಳಬೇಡಿ.

ಹಾಸನದವನು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕಿಟಕಿಯ ಬಳಿ ನೋಡಿದಾಗ ದೊಡ್ಡ ಕಲ್ಲಿನ ನಡುವೆ ಬೂದುಬಣ್ಣದ ಮಬ್ಬು ನನಗೇ ಕಂಡಿತು, ಅಮ್ಮನಿಗೂ ಕಂಡಿತು. 40 ಸೆಂಟ್‌ನದನ್ನು ಬೆಜಲ್‌ನಲ್ಲಿ ಕೂರಿಸಲು ಹೇಳಿ, ಸಂಖ್ಯೆಯನ್ನು ಓದಿಕೊಂಡು ಬಂದಿದ್ದೇನೆ. ಬೆರಳಿನ ಅಳತೆಯನ್ನು ಸಂಜೆ, ಅವರ ಕೆಲಸ ಮುಗಿದು ಕೈ ಸ್ವಲ್ಪ ಊದಿಕೊಂಡಿರುವ ಹೊತ್ತಿನಲ್ಲಿ ತೆಗೆಸಬೇಕೆಂದು ಅಂಗಡಿಯವರು ಹೇಳಿದ್ದಾರೆ. ಶನಿವಾರ ಇಬ್ಬರೂ ಹೋಗುತ್ತೇವೆ.